ಲೆಟರ್ ಬಾಕ್ಸ್ ಮೇಲೆ ಮೊದಲು ಹೆಸರು, ಆಮೇಲೆ ಮಿಕ್ಕಿದ್ದು

ಸಿಂಧನೂರು, ಗಂಗಾವತಿ ಕಡೆಯಿಂದ ಜರ್ಮನಿಗೆ ಓದೋಕೆ ಹೊರಟ ಹುಡುಗರು ಫೋನ್ ಮಾಡಿದರೆ ಮೊದಲು ಕೇಳುವುದು ಚಳಿ ಬಗ್ಗೆ. ಆಮೇಲೆ ಊಟ, ಪಾರ್ಟ್‌ಟೈಂ ಕೆಲಸ. ಮನೆ ವಿಳಾಸದ ಬಗ್ಗೆ ಯಾರೂ ಕೇಳುವುದಿಲ್ಲ. ಮ್ಯಾಗ್ಡೆಬುರ್ಗ್ ಊರಲ್ಲಿ ನಾನು ನೆಲೆ ನಿಂತಿದ್ದು ಮಾತ್ರ ಆ ವಿಳಾಸದಿಂದಲೇ.

ಅಲ್ಲಿ ಬಾಡಿಗೆ ಮನೆ ಸೇರಿದ ಎರಡು ವಾರದೊಳಗೆ ನಗರ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಇದು ಕಾನೂನು. ಆನ್‌ಮೆಲ್ಡುಂಗ್ ಅಂತಾರೆ. ಬಾಡಿಗೆ ಕರಾರು ಇದ್ದರೆ ಸಾಲದು, ಈತ ಇಂಥ ದಿನ ನಮ್ಮ ಮನೆಗೆ ಬಂದ ಅಂತ ಮಾಲೀಕರು ಬೇರೆಯಾಗಿ ಬರೆದುಕೊಡಬೇಕು. ನನಗೆ ಮೊದಲು ಸಿಕ್ಕ ರೂಮ್ ತುಂಬಾ ಅಗ್ಗದ್ದು. ಆದರೆ ಆ ಮಾಲೀಕ ಪತ್ರ ಕೊಡೋಕೆ ಒಪ್ಪಲಿಲ್ಲ. ಬಿಟ್ಟುಬಿಟ್ಟೆ. ಜಾಸ್ತಿ ಬಾಡಿಗೆ ಕೊಟ್ಟು ವಿದ್ಯಾರ್ಥಿ ಹಾಸ್ಟೆಲ್ ಸೇರಿದೆ. ಯೂನಿವರ್ಸಿಟಿಯ ಅಡ್ಮಿಷನ್ ಪತ್ರ ಬಂದ ಕೂಡಲೇ ಊರಿಂದಲೇ ಆ ಹಾಸ್ಟೆಲ್ಲಿಗೆ ಅರ್ಜಿ ಹಾಕಿದ್ದೆ. ಇನ್ನೊಂದು ಮಾತು: ಮನೆ ತೋರಿಸದೆ, "ನಾನು ಬೇರೆ ದೇಶದಲ್ಲಿದ್ದೇನೆ, ಅಡ್ವಾನ್ಸ್ ಹಾಕಿ, ಕೀಲಿ ಕಳಿಸ್ತೀನಿ" ಅನ್ನುವವರಿಗೆ ಒಂದು ಪೈಸೆಯೂ ಕಳಿಸಬೇಡಿ. ಹೀಗೆ ಕೇಳುವವರು ಮೋಸಗಾರರೇ.

ನೋಂದಣಿ ಕಾಗದ ಕೈಗೆ ಬಂದ ಮೇಲೆ ಮಿಕ್ಕ ಕೆಲಸಗಳು ಸಾಲಾಗಿ ಆದವು. ನನ್ನ ಬ್ಯಾಂಕ್ ಅದನ್ನೇ ಕೇಳಿತು. ಬ್ಯಾಂಕ್ ಖಾತೆ ಆದ ಮೇಲೇ ಬ್ಲಾಕ್ಡ್ ಅಕೌಂಟಿನ ದುಡ್ಡು ತಿಂಗಳು ತಿಂಗಳು ಬರತೊಡಗಿತು. ಅಲ್ಲಿನ ಖರ್ಚಿಗೆ ದುಡ್ಡಿದೆ ಅಂತ ತೋರಿಸೋಕೆ ವೀಸಾಕ್ಕೆ ಮುಂಚೆ ಇಡಬೇಕಾದ ಈ ಮೊತ್ತ 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 11,904 ಯೂರೋ. ನಮ್ಮ ಲೆಕ್ಕದಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ. ಅಪ್ಪ ಭತ್ತದ ದುಡ್ಡಿನ ಜೊತೆ ಬ್ಯಾಂಕ್ ಸಾಲ ಸೇರಿಸಿ ಕಟ್ಟಿದ್ದು. ಆದರೆ ಅದು ಒಟ್ಟಿಗೆ ಕೈಗೆ ಸಿಗೋದಿಲ್ಲ, ತಿಂಗಳಿಗೆ 992 ಯೂರೋ ಮಾತ್ರ. ಹಾಗಾಗಿ ಅಡ್ವಾನ್ಸ್‌ಗೆ, ಮೊದಲ ತಿಂಗಳ ಖರ್ಚಿಗೆ ಬೇರೆ ದುಡ್ಡು ಇಟ್ಟುಕೊಂಡೇ ವಿಮಾನ ಹತ್ತಬೇಕು. ಅಡ್ವಾನ್ಸ್ ಅಂತ ಮೂರು ತಿಂಗಳ ಮೂಲ ಬಾಡಿಗೆವರೆಗೂ ಕೇಳಬಹುದು, ಅದಕ್ಕಿಂತ ಜಾಸ್ತಿ ಕೇಳುವಂತಿಲ್ಲ.

ಇನ್ನು ಲೆಟರ್ ಬಾಕ್ಸ್ ವಿಷಯ. ನಮ್ಮೂರಲ್ಲಿ ಪೋಸ್ಟ್‌ಮ್ಯಾನ್ "ಇಂಥವರ ಮಗ ಅಲ್ಲೇನು?" ಅಂತ ಹುಡುಕಿಕೊಂಡು ಬಂದು ಕೊಡ್ತಾನೆ. ಅಲ್ಲಿ ಅಪಾರ್ಟ್‌ಮೆಂಟ್‌ಗಳಲ್ಲಿ ಸಾಮಾನ್ಯವಾಗಿ ಫ್ಲಾಟ್ ನಂಬರ್ ಬರೆಯುವ ರೂಢಿಯೇ ಇಲ್ಲ. ಡಬ್ಬಿ ಮೇಲೆ ಹೆಸರು ನೋಡಿ ಹಾಕ್ತಾರೆ. ಹೆಸರಿಲ್ಲದಿದ್ದರೆ ಪತ್ರ ವಾಪಸ್. ತೆರಿಗೆ ನಂಬರ್, ವಿಮೆ ಕಾರ್ಡ್, ಬ್ಯಾಂಕ್ ಪಿನ್ ಎಲ್ಲ ನನಗೆ ಅಂಚೆಯಲ್ಲೇ ಬಂದವು. ಕೀಲಿ ಕೈಗೆ ಬಂದ ಸಂಜೆಯೇ ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಹೆಸರು ಬರೆದು ಅಂಟಿಸಿದೆ. ನಮ್ಮಲ್ಲಿ ಎಷ್ಟೋ ಜನರಿಗೆ ಅಡ್ಡಹೆಸರಿನ ಜಾಗದಲ್ಲಿ ಅಪ್ಪನ ಹೆಸರೋ ಊರ ಹೆಸರೋ ಇರುತ್ತೆ ಅಲ್ವಾ, ನಮ್ಮ ಹೆಸರು, ಆ ಹೆಸರು ಎರಡನ್ನೂ ಬರೆದರೆ ಒಳ್ಳೇದು.

ಡಬ್ಬಿಗೆ ಬೀಳುವ ಪತ್ರಗಳಲ್ಲಿ ಒಂದು ರೇಡಿಯೋ-ಟಿವಿ ಶುಲ್ಕದ್ದು. ಮನೆಗೆ ತಿಂಗಳಿಗೆ 18.36 ಯೂರೋ. "ನಮ್ಮ ಹತ್ತಿರ ಟಿವಿನೇ ಇಲ್ಲ" ಅಂತ ಸುಮ್ನೆ ಬಿಟ್ಟರೆ ಬಾಕಿ ಬೆಳೆಯುತ್ತೆ. ಒಂದೇ ಫ್ಲಾಟ್‌ನಲ್ಲಿ ಮೂವರಿದ್ದರೆ ಒಬ್ಬರು ಕಟ್ಟಿ ಹಂಚಿಕೊಳ್ಳಬಹುದು.

ಓದೋಕೆ ಅಂತ ಕೊಟ್ಟ ವೀಸಾ ಸಾಮಾನ್ಯವಾಗಿ ಕೆಲವೇ ತಿಂಗಳದ್ದು. ಅದು ಮುಗಿಯುವ ಮುಂಚೆ ವಿದೇಶಿಯರ ಕಚೇರಿಯಲ್ಲಿ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಅಪಾಯಿಂಟ್‌ಮೆಂಟ್ ತಡವಾಗುತ್ತೆ. ವಿಳಾಸ ನೋಂದಣಿ ಆದ ವಾರವೇ ಕೇಳಿ.

ಊಟದ ಚಿಂತೆ ನನಗೆ ಅಷ್ಟಾಗಿ ಬರಲಿಲ್ಲ. ಅವ್ವ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ ಕಟ್ಟಿಕೊಟ್ಟಿದ್ದಳು. ರೊಟ್ಟಿ ಪುಡಿಯಾಗದಂತೆ ಸ್ಟೀಲ್ ಡಬ್ಬಿಯಲ್ಲಿ ಹಾಕಿದ್ದಳು, ತಿಂಗಳುಗಟ್ಟಲೆ ಬಂತು. ತುಪ್ಪ ಮತ್ತು ಪೇಡೆ ಮಾತ್ರ ಬೇಡ ಅಂದೆ. ಹಾಲು, ಮಾಂಸದ ಪದಾರ್ಥಗಳನ್ನು ಹೊರಗಿನಿಂದ ಯುರೋಪಿಯನ್ ಒಕ್ಕೂಟಕ್ಕೆ ಒಯ್ಯಬಾರದು. ಅವ್ವನಿಗೆ ಇದನ್ನು ಒಪ್ಪಿಸುವುದು ವೀಸಾಕ್ಕಿಂತ ಕಷ್ಟ.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರವೇ ಅಕ್ಕಿ, ಹಾಲು ತಂದಿಟ್ಟುಕೊಳ್ಳುವುದು ರೂಢಿಯಾಯಿತು. ಪ್ಲಾಸ್ಟಿಕ್ ನೀರಿನ ಬಾಟಲಿಗೆ 25 ಸೆಂಟ್ ಡೆಪಾಸಿಟ್ ಇರುತ್ತೆ, ಅಂಗಡಿ ಯಂತ್ರಕ್ಕೆ ಹಾಕಿದರೆ ವಾಪಸ್. ನಲ್ಲಿ ನೀರೇ ಕುಡಿಯಬಹುದು ಅಂತ ಗೊತ್ತಾದ ಮೇಲೆ ಬಾಟಲಿ ಕೊಳ್ಳುವುದೇ ಬಿಟ್ಟೆ.

ಚಳಿಯ ಬಗ್ಗೆ ಕೇಳುವವರಿಗೂ ಉತ್ತರ ಇದೆ. ರಾಯಚೂರಿನ ಬಿಸಿಲು ಕಂಡವರಿಗೆ ಚಳಿಗಿಂತ ಕತ್ತಲೆ ಜಾಸ್ತಿ ಕಾಡುತ್ತೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೇ ಸೂರ್ಯ ಮುಳುಗ್ತಾನೆ. ಮಧ್ಯಾಹ್ನ ಬೆಳಕಿರುವಾಗಲೇ ಎಲ್ಬೆ ನದಿ ದಂಡೆಗೆ ಹೋಗಿ ನಡೆದು ಬರ್ತಿದ್ದೆ. ಜಾಕೆಟ್ ಬೆಂಗಳೂರಲ್ಲಿ ಕೊಳ್ಳಬೇಡಿ. ಸೂಟ್‌ಕೇಸ್‌ನ ಆ ಜಾಗದಲ್ಲಿ ಇನ್ನೊಂದು ಡಬ್ಬಿ ರೊಟ್ಟಿ ಹಿಡಿಯುತ್ತೆ, ಒಳ್ಳೇ ಜಾಕೆಟ್ ಅಲ್ಲಿನ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲೇ ಸಿಗುತ್ತೆ.