ಬೆಳ್ಳಕ್ಕಿ ಬೆಳ್ಳಗೇ ಇರಲಿ: ಫೋಟೊದ ಬಣ್ಣ, ಕ್ರಾಪ್ ಸರಿ ಮಾಡುವುದು ಹೀಗೆ

ಡಿಸೆಂಬರ್ ಬೆಳಗ್ಗೆ ಲಾಲ್‌ಬಾಗ್ ಕೆರೆ ದಂಡೆಯ ನೆರಳಲ್ಲಿ ಬೆಳ್ಳಕ್ಕಿಯ ಫೋಟೊ ತೆಗೆದಿರಿ. ಮನೆಗೆ ಬಂದು ನೋಡಿದರೆ ಹಕ್ಕಿ ನೀಲಿ ನೀಲಿ! ನೆರಳಿನ ಬೆಳಕೇ ಸ್ವಲ್ಪ ನೀಲಿ. ನಮ್ಮ ಕಣ್ಣು ಅದನ್ನು ತಾನೇ ಸರಿ ಮಾಡಿಕೊಳ್ಳುತ್ತದೆ, ಕ್ಯಾಮೆರಾ ಕೆಲವೊಮ್ಮೆ ತಪ್ಪುತ್ತದೆ. ಹಾಗಾಗಿ ತಿದ್ದುವ ಕೆಲಸ ಅದೇ ದಿನ ಮಾಡಿ. ಕಂಡ ಬಣ್ಣ ಇನ್ನೂ ನೆನಪಿರುತ್ತದೆ.

ಮೊದಲು ಮೂಲ ಫೋಟೊದ ಪ್ರತಿ ಎತ್ತಿಡಿ. ಫೋಟೊ ತಿದ್ದಲು ಫೋನ್‌ನಲ್ಲಿ ಸ್ನ್ಯಾಪ್‌ಸೀಡ್ ಆ್ಯಪ್, ಕಂಪ್ಯೂಟರ್‌ನಲ್ಲಿ ಡಾರ್ಕ್‌ಟೇಬಲ್ ತಂತ್ರಾಂಶ ಸಾಕು, ಎರಡೂ ಉಚಿತ. ಕ್ಯಾಮೆರಾದಲ್ಲಿ ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಫೈಲ್) ಸಿಗುವುದಾದರೆ ಅದನ್ನೇ ತೆಗೆಯಿರಿ. ಸಾಮಾನ್ಯ ಜೆಪೆಗ್ ಫೋಟೊಗಿಂತ ಅದರಲ್ಲಿ ಬಣ್ಣ ಚೆನ್ನಾಗಿ ತಿದ್ದಬಹುದು. ಪರದೆಯ ನೈಟ್ ಲೈಟ್ ಆಫ್ ಮಾಡಲು ಮರೆಯಬೇಡಿ, ಅದು ಎಲ್ಲವನ್ನೂ ಹಳದಿಯಾಗಿ ತೋರಿಸುತ್ತದೆ.

ಈಗ ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಸರಿ ಮಾಡುವುದು. ಸ್ಲೈಡರನ್ನು ನಿಧಾನವಾಗಿ ಹಳದಿ ಕಡೆಗೆ ಎಳೆಯುತ್ತಾ ಗರಿ ಬೆಳ್ಳಗಾದ ಕೂಡಲೇ ನಿಲ್ಲಿಸಿ. ಆದರೆ ಹೊಂಬಿಸಿಲಲ್ಲಿ ತೆಗೆದ ಫೋಟೊ ಆದರೆ ಬಿಳಿ ಮಾಡಲು ಹೋಗಬೇಡಿ. ಆ ಹೊಂಬಣ್ಣಕ್ಕಾಗಿಯೇ ಅಲ್ವಾ ನೀವು ಬೇಗ ಎದ್ದದ್ದು?

ನಂತರ ಹೈಲೈಟ್ಸ್ (ಫೋಟೊದ ತೀರಾ ಬೆಳಕಿನ ಭಾಗಗಳು) ಸ್ವಲ್ಪ ಇಳಿಸಿ, ಗರಿಯ ಎಳೆಗಳು ಕಾಣಬೇಕು. ತೆಗೆಯುವಾಗಲೇ ಬೆಳಕು ಜಾಸ್ತಿಯಾಗಿ ಗರಿ ಪೂರ್ತಿ ಬಿಳಿ ಮಚ್ಚೆಯಾಗಿದ್ದರೆ ಎಷ್ಟು ಇಳಿಸಿದರೂ ಎಳೆ ಮರಳಿ ಬರುವುದಿಲ್ಲ.

ಹೆಚ್ಚಿನವರು ಎಡವುವುದು ಬಣ್ಣ ಗಾಢ ಮಾಡುವ ಸ್ಯಾಚುರೇಶನ್‌ನಲ್ಲಿ. ಅದು ಎಲ್ಲ ಬಣ್ಣಗಳನ್ನೂ ಒಂದೇ ಸಮ ಏರಿಸುತ್ತದೆ. ಗುಲ್‌ಮೊಹರ್ ಹೂವಿನ ಕೆಂಪು ಮೊದಲೇ ಗಾಢ. ಇನ್ನೂ ಏರಿಸಿದರೆ ಎಸಳಿನ ಗೆರೆ, ಮಡಿಕೆ ಎಲ್ಲ ಅಳಿಸಿ ಬಣ್ಣ ಬಳಿದ ಹಾಗೆ ಕಾಣುತ್ತದೆ. ವೈಬ್ರನ್ಸ್ ಇದ್ದರೆ ಅದನ್ನೇ ಬಳಸಿ. ಅದು ಮಂಕಾದ ಬಣ್ಣಗಳನ್ನೇ ಜಾಸ್ತಿ ಎತ್ತುತ್ತದೆ. ಫೆಬ್ರವರಿಯ ಟಬೆಬುಯಾ ಹೂವಿನ ತಿಳಿ ಗುಲಾಬಿಗೆ ಇದರ ಒಂದಿಷ್ಟು ಸಾಕು. ಆ ಮರದ ಚೆಂದ ಇರುವುದೇ ತಿಳಿಬಣ್ಣದಲ್ಲಿ.

ಕೊನೆಗೆ ಕ್ರಾಪ್, ಅಂದರೆ ಬೇಡದ ಅಂಚು ಕತ್ತರಿಸುವುದು. ನೀರಿನ ಅಂಚು ವಾಲಿದ್ದರೆ ಮೊದಲು ನೇರ ಮಾಡಿ. ಹಕ್ಕಿ ನೋಡುತ್ತಿರುವ ಕಡೆ ಜಾಗ ಜಾಸ್ತಿ ಬಿಡಿ. ನೀರಲ್ಲಿ ಪ್ರತಿಬಿಂಬ ಇದ್ದರೆ ಅರ್ಧಕ್ಕೆ ಕತ್ತರಿಸಬೇಡಿ. ಹಕ್ಕಿ ದೊಡ್ಡದಾಗಿ ಕಾಣಲಿ ಅಂತ ಸುಮ್ನೆ ಕತ್ತರಿಸುತ್ತಾ ಹೋದರೆ ಫೋಟೊ ಒಡೆದು ಮಸುಕಾಗುತ್ತದೆ. 24 ಮೆಗಾಪಿಕ್ಸೆಲ್ ಫೋಟೊ ಅಂದರೆ 6000×4000 ಪಿಕ್ಸೆಲ್. ಉದ್ದ, ಅಗಲ ಎರಡನ್ನೂ ಅರ್ಧ ಮಾಡಿದರೆ ಉಳಿಯುವುದು 6 ಮೆಗಾಪಿಕ್ಸೆಲ್ ಮಾತ್ರ. ಇಂಚಿಗೆ 300 ಪಿಕ್ಸೆಲ್‌ನಂತೆ ಮುದ್ರಿಸಿದರೆ 10 ಇಂಚು ಅಗಲ ಬರುತ್ತದೆ. ಮನೆಯ ಗೋಡೆಗೆ ಅಷ್ಟು ಸಾಕು.

ಹಿಂದೆ ಅಪಾರ್ಟ್‌ಮೆಂಟ್ ಕಂಡರೆ ಕತ್ತರಿಸಲೇಬೇಕು ಅಂತೇನಿಲ್ಲ. ಒಂದು ಪ್ರತಿಯಲ್ಲಾದರೂ ಅದನ್ನು ಉಳಿಸಿ. ಬೆಂಗಳೂರಿನ ಬೆಳ್ಳಕ್ಕಿ ಬದುಕುತ್ತಿರುವುದು ಅದರ ಪಕ್ಕದಲ್ಲೇ.