ವೆಲ್ಡಿಂಗ್ ರೋಬೋಟ್ ತರುವ ಮುನ್ನ: ದಾವಣಗೆರೆ–ಹರಿಹರದ ಫ್ಯಾಬ್ರಿಕೇಷನ್ ಶೆಡ್‌ಗಳಿಗೆ

ರೋಬೋಟ್ ನೋಡಲು ಹೋಗುವ ಮುಂಚೆ ನಿಮ್ಮ ಕಟಿಂಗ್ ಮೆಷಿನ್ ನೋಡಿ. ರೋಬೋಟಿನ ತೋಳು ಕಲಿಸಿಕೊಟ್ಟ ಜಾಗಕ್ಕೆ ಸಾಮಾನ್ಯವಾಗಿ 0.1 ಮಿ.ಮೀ. ಒಳಗೇ ಮರಳಿ ಬರುತ್ತದೆ. ಆದರೆ ಸೆನ್ಸರ್ ಇಲ್ಲದ ರೋಬೋಟಿಗೆ ಕಣ್ಣಿಲ್ಲ. ಕಲ್ಟಿವೇಟರ್ ಫ್ರೇಮಿನ ಒಂದು ಪಟ್ಟಿ 2 ಮಿ.ಮೀ. ಗಿಡ್ಡವಾಗಿದ್ದರೆ ಕೈ ವೆಲ್ಡರ್ ವೆಲ್ಡಿಂಗ್ ಟಾರ್ಚ್ ಓಲಾಡಿಸಿ ಸಂದು ತುಂಬುತ್ತಾನೆ; ರೋಬೋಟ್ ಅಲ್ಲೇ ತೂತು ಹೊಡೆದು ಮುಂದೆ ಹೋಗುತ್ತದೆ. 1.2 ಮಿ.ಮೀ. ವೆಲ್ಡಿಂಗ್ ವೈರಿಗೆ ಸಂದು 0.6 ಮಿ.ಮೀ. ದಾಟದಿರಲಿ. ಒಂದೇ ಬಗೆಯ 50 ತುಂಡು ತೆಗೆದು ವರ್ನಿಯರ್ ಹಿಡಿದು ಅಳೆಯಿರಿ. ಉದ್ದ ಅರ್ಧ ಮಿ.ಮೀ.ಗಿಂತ ಹೆಚ್ಚು ಹಿಂದೆಮುಂದೆ ಆಗುತ್ತಿದ್ದರೆ ದುಡ್ಡನ್ನು ಮೊದಲು ಕಟಿಂಗಿಗೆ ಹಾಕಿ.

ಆಮೇಲೆ ಫಿಕ್ಸ್ಚರ್, ಅಂದರೆ ತುಂಡುಗಳನ್ನು ಜಾಗದಲ್ಲಿ ಹಿಡಿದಿಡುವ ಚೌಕಟ್ಟು. ಕೆಳಗೆ ಮೂರು, ಪಕ್ಕಕ್ಕೆ ಎರಡು, ತುದಿಗೆ ಒಂದು: ಈ ಆರು ಆಸರೆಗೆ ಒತ್ತಿದ ತುಂಡು ಪ್ರತಿ ಸಲ ಒಂದೇ ಕಡೆ ಕೂರುತ್ತದೆ. ವೆಲ್ಡ್ ತಣಿಯುವಾಗ ಫ್ರೇಮ್ ಕುಗ್ಗಿ ಪಿನ್ನುಗಳನ್ನು ಕಚ್ಚಿಕೊಳ್ಳುವುದರಿಂದ ಒಂದು ಬದಿಯ ಪಿನ್ ಹಿಂದಕ್ಕೆ ಸರಿಯುವಂತಿರಬೇಕು. ಇಲ್ಲವಾದರೆ ಸುತ್ತಿಗೆ ಬಡಿದೇ ತೆಗೆಯಬೇಕಾಗುತ್ತದೆ, ತಿಂಗಳೊಳಗೆ ಫಿಕ್ಸ್ಚರಿನ ಅಳತೆ ಹೋಗುತ್ತದೆ. ಮೈಸೂರು ಕಿರ್ಲೋಸ್ಕರ್ ದಶಕಗಳ ಕಾಲ ಲೇತ್ ತಯಾರಿಸಿದ ಊರು ಹರಿಹರ. ಈ ಕೆಲಸದ ಕೈಗಳನ್ನು ಮೊದಲು ಅಲ್ಲೇ ಹುಡುಕಿ. ಎರಡು ಟೇಬಲ್ ಇದ್ದರೆ ಒಂದರ ಮೇಲೆ ವೆಲ್ಡಿಂಗ್ ನಡೆಯುವಾಗ ಇನ್ನೊಂದರಲ್ಲಿ ಹೆಲ್ಪರ್ ತುಂಡು ಜೋಡಿಸಬಹುದು.

ಪೆಂಡೆಂಟ್ (ರೋಬೋಟನ್ನು ನಡೆಸುವ, ಅದಕ್ಕೆ ದಾರಿ ಕಲಿಸುವ ಕೈ ಪೆಟ್ಟಿಗೆ) ಯಾರ ಕೈಗೆ? ನಿಮ್ಮ ಅತ್ಯುತ್ತಮ ವೆಲ್ಡರನ ಕೈಗೆ. ಬಟನ್ ಒತ್ತುವುದನ್ನು ಕೆಲವೇ ದಿನಗಳಲ್ಲಿ ಕಲಿಸಬಹುದು, ಬೀಡ್ (ವೆಲ್ಡಿನ ಗೆರೆ) ನೋಡಿ ಕರೆಂಟ್ ಹೆಚ್ಚಾಯಿತೋ ವೇಗ ಕಡಿಮೆಯಾಯಿತೋ ಹೇಳುವುದನ್ನು ಹಾಗೆ ಕಲಿಸಲಾಗದು. ಅವನು ಪೀಸ್ ಲೆಕ್ಕದ ಕೂಲಿಯಲ್ಲಿದ್ದರೆ ರೋಬೋಟ್ ಇಳಿಯುವ ಮೊದಲೇ ತಿಂಗಳ ಸಂಬಳಕ್ಕೆ ತನ್ನಿ. ರೋಬೋಟಿಗೆ ಪ್ರೋಗ್ರಾಂ ಕಲಿಸುವ ದಿನ ಒಂದು ಪೀಸೂ ಹೊರಬರುವುದಿಲ್ಲ. ಕಲಿಸಿದವನ ಕೂಲಿಯೇ ಕಡಿತವಾದರೆ ಯಾರು ತಾನೇ ಮನಸ್ಸಿಟ್ಟು ಕಲಿಸುತ್ತಾರೆ?

ಕಲಿಸುವಾಗ ಮೊದಲು ಟಾರ್ಚಿನ ತುದಿಯನ್ನು ಚೂಪು ಪಿನ್ನಿಗೆ ತಾಗಿಸಿ ಟಿಸಿಪಿ (ಟಾರ್ಚಿನ ತುದಿ ಇಲ್ಲಿದೆ ಎಂದು ರೋಬೋಟ್ ಲೆಕ್ಕ ಹಿಡಿಯುವ ಬಿಂದು) ಸರಿಯಿದೆಯೇ ನೋಡಿ. ಟೀಚ್ ಮೋಡಿನಲ್ಲಿ, ಅಂದರೆ ದಾರಿ ಕಲಿಸುವಾಗ, ತೋಳಿನ ವೇಗ ಸೆಕೆಂಡಿಗೆ 250 ಮಿ.ಮೀ. ಮೀರಬಾರದು. ರೋಬೋಟಿನ ಸುತ್ತಲಿನ ಬೇಲಿಯೊಳಗೆ ಪೆಂಡೆಂಟ್ ಹಿಡಿದವನ ಹೊರತು ಇನ್ನೊಬ್ಬರು ಬೇಡ. ಕಾಂಟ್ಯಾಕ್ಟ್ ಟಿಪ್‌ನಿಂದ (ವೈರ್ ಹೊರಬರುವ ತೂತಿನ ತುದಿಯಿಂದ) ಲೋಹಕ್ಕೆ ಸುಮಾರು 15 ಮಿ.ಮೀ. ದೂರ, ಮೂಲೆ ವೆಲ್ಡಿಗೆ ಟಾರ್ಚಿನ ಕೋನ 45 ಡಿಗ್ರಿ ಇರಲಿ. ಪೂರ್ತಿ ದಾರಿಯನ್ನು ಆರ್ಕ್ ಇಲ್ಲದೆ ಒಮ್ಮೆ ಓಡಿಸಿ, ಮೊದಲ ಪೀಸನ್ನು ಕೊಯ್ದು ಒಳಗೆ ಬೆಸುಗೆ ಎಷ್ಟು ಇಳಿದಿದೆ ನೋಡಿ.

ಬೀಡ್ ಒಂದು ಪಕ್ಕಕ್ಕೆ ಸರಿದರೆ ಪ್ರೋಗ್ರಾಂ ಮುಟ್ಟಬೇಡಿ. ಕಾಂಟ್ಯಾಕ್ಟ್ ಟಿಪ್ಪಿನ ತೂತು ಸವೆದು ಮೊಟ್ಟೆಯಾಕಾರ ಆಗಿರುತ್ತದೆ, ಇಲ್ಲವೇ ಟಾರ್ಚ್ ಎಲ್ಲೋ ಬಡಿದಿರುತ್ತದೆ. ಬೀಡಿನಲ್ಲಿ ಸಣ್ಣ ಸಣ್ಣ ರಂಧ್ರ ಕಂಡರೆ ನಾಝಲ್‌ನೊಳಗೆ ಸ್ಪ್ಯಾಟರ್ (ಸಿಡಿದ ಲೋಹದ ಹನಿ) ಕಟ್ಟಿದೆಯೇ, ವೆಲ್ಡನ್ನು ಗಾಳಿಯಿಂದ ಕಾಯುವ ಗ್ಯಾಸ್ ನಿಮಿಷಕ್ಕೆ 15 ಲೀಟರ್ ಬರುತ್ತಿದೆಯೇ ನೋಡಿ. ಬೇಸಿಗೆಯ ಫ್ಯಾನ್, ಆಷಾಢದ ಗಾಳಿ ಎರಡೂ ಗ್ಯಾಸನ್ನು ಹಾರಿಸಿಕೊಂಡು ಹೋಗುತ್ತವೆ. ಸೆಲ್ಲಿನ (ರೋಬೋಟ್ ಕೆಲಸ ಮಾಡುವ ಜಾಗದ) ಸುತ್ತ ವೆಲ್ಡಿಂಗ್ ಪರದೆ ಕಟ್ಟಿ.

ಮೊದಲ ಕೈಗಾರಿಕಾ ರೋಬೋಟ್ 1961ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಾರ್ಖಾನೆಯಲ್ಲಿ ಡೈಕಾಸ್ಟಿಂಗ್ (ಕರಗಿದ ಲೋಹವನ್ನು ಅಚ್ಚಿಗೆ ಒತ್ತುವ) ಯಂತ್ರದಿಂದ ಬಿಸಿ ತುಂಡು ಎತ್ತಲು ನಿಂತಿತು. ನಿಮ್ಮ ಶೆಡ್‌ನಲ್ಲೂ ಅದು ಕಸಿಯುವುದು ಹೊಗೆ ಕುಡಿಯುತ್ತ ಒಂದೇ ವೆಲ್ಡನ್ನು ದಿನಕ್ಕೆ ನೂರಾರು ಸಲ ಎಳೆಯುವ ಕೆಲಸವನ್ನು. ಟ್ಯಾಕ್ ಹಾಕುವುದು (ತುಂಡು ನಿಲ್ಲಲು ಅಲ್ಲಲ್ಲಿ ಚುಕ್ಕಿ ಬೆಸುಗೆ), ಜೋಡಣೆ, ತಪ್ಪಿದ ವೆಲ್ಡ್ ತಿದ್ದುವುದು, ಒಂದೆರಡೇ ಪೀಸಿನ ಆರ್ಡರ್ ಕೈಯಲ್ಲೇ ಉಳಿಯುತ್ತವೆ. ಅದಕ್ಕೆ ಎಷ್ಟು ಜನ ಬೇಕೆಂದು ರೋಬೋಟ್ ಕೊಳ್ಳುವ ಮೊದಲೇ ಹೆಸರು ಹಿಡಿದು ಬರೆದಿಡಿ. ಆದರೂ ಒಂದು ವರ್ಷ ಸತತವಾಗಿ ದುಡಿದವರನ್ನು ಕಡಿತ ಮಾಡಬೇಕಾಗಿ ಬಂದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಪ್ರತಿ ವರ್ಷದ ಸೇವೆಗೆ 15 ದಿನದ ಸರಾಸರಿ ವೇತನ ಕೊಡಲೇಬೇಕು.

ಎನ್‌ಕೋಡರ್ (ತೋಳಿನ ಕೀಲುಗಳ ಸ್ಥಾನ ಅಳೆಯುವ ಭಾಗ) ಬ್ಯಾಟರಿಯನ್ನು ಕಂಟ್ರೋಲರ್ ಆನ್ ಇದ್ದಾಗಲೇ ಬದಲಿಸಿ. ಆಫ್ ಮಾಡಿ ತೆಗೆದರೆ ತೋಳು ತನ್ನ ಮೂಲಸ್ಥಾನವನ್ನೇ ಮರೆಯುತ್ತದೆ. ಪ್ರೋಗ್ರಾಂಗಳ ನಕಲನ್ನು ವಾರಕ್ಕೊಮ್ಮೆ ಪೆನ್‌ಡ್ರೈವಿಗೆ ತೆಗೆದು, ಮೇಲೆ ತಾರೀಖು ಬರೆದು, ಆ ವೆಲ್ಡರನ ಬಳಿಯೂ ಒಂದು ಪ್ರತಿ ಇಡಿ.