ಕಂಸಾಳೆಯ ಪಕ್ಕದಲ್ಲಿ ಪಿಯಾನೊ: ನನ್ನ ಅನುಭವ

ಬೆಂಗಳೂರಿನಲ್ಲಿ ಹದಿನೈದು ವರ್ಷ ಜಾಝ್ ಪಿಯಾನೊ ನುಡಿಸಿದ ಮೇಲೆ, ಮಹದೇಶ್ವರನ ಕಥೆಯನ್ನು ಹಾಡುವ, ಮಲೆ ಮಹದೇಶ್ವರ ಬೆಟ್ಟದ ಸೀಮೆಯ ಹಿರಿಯ ದೇವರಗುಡ್ಡರೊಬ್ಬರ ಜೊತೆ ಕೂಡಿ ನುಡಿಸುವ ಅವಕಾಶ ನನಗೆ ಒದಗಿತು. ನಮ್ಮ ಕಡೆ ಪಿಯಾನೊ, ಡಬಲ್ ಬಾಸ್, ಡ್ರಮ್ಸ್ ಮತ್ತು ಸ್ಯಾಕ್ಸೊಫೋನ್ ಇದ್ದವು. ಅವರ ಕಡೆ ಕಂಸಾಳೆ ಎಂಬ ಲೋಹದ ತಾಳ, ದಮ್ಮಡಿ ಎಂಬ ಚರ್ಮವಾದ್ಯ, ಒಂಟಿ ತಂತಿಯ ಏಕದಾರಿ ಮತ್ತು ಸೊಲ್ಲು (ಪಲ್ಲವಿಯಂತೆ ಮರಳಿ ಬರುವ ಸಾಲು) ಹಿಡಿಯುವ ಇಬ್ಬರು ಹಿಮ್ಮೇಳದವರು. ಮಾದಪ್ಪನ (ಮಹದೇಶ್ವರನ) ಕಾವ್ಯದ 'ಸಂಕಮ್ಮನ ಸಾಲು' ಎಂಬ ಅಧ್ಯಾಯದಲ್ಲಿ ಗಂಡ ನೀಲೇಗೌಡ ಬಲಗೈ ಭಾಷೆ (ಬಲಗೈ ಮುಟ್ಟಿ ಕೊಡುವ ಆಣೆ) ಕೇಳುವ, ಸಂಕಮ್ಮ ಕೊಡಲಾರೆನೆನ್ನುವ ಭಾಗವನ್ನು ಆರಿಸಿಕೊಂಡೆವು.

ನನ್ನ ಮೊದಲ ತಪ್ಪು ಅವರನ್ನು ಕಾಣುವ ಮೊದಲೇ ಆಗಿಹೋಗಿತ್ತು. ಧ್ವನಿಮುದ್ರಣವನ್ನು ಕೇಳಿ ಸ್ವರ ಬರೆದುಕೊಂಡಾಗ ಧಾಟಿಯಲ್ಲಿ ಐದೇ ಸ್ವರಗಳು ಕಂಡವು; ಇಷ್ಟು ಬರಿದಾದ ಧಾಟಿಗೆ ನಾನೇ ಏನಾದರೂ ತುಂಬಬೇಕೆಂದು ಭಾವಿಸಿ, ಎರಡೆರಡು ಮಾತ್ರೆಗೊಮ್ಮೆ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಬದಲಾಗುವಂತೆ, ಜಾಝ್ ವಿದ್ಯಾರ್ಥಿಗಳೆಲ್ಲ ಬಾಯಿಪಾಠ ಮಾಡುವ ಎರಡು-ಐದು-ಒಂದರ (ಶ್ರೇಣಿಯ ಎರಡನೆಯ, ಐದನೆಯ, ಮೊದಲನೆಯ ಸ್ವರಗಳ ಮೇಲಿನ ಕಾರ್ಡ್‌ಗಳ) ಸರಣಿಗಳನ್ನು ಅದರ ಕೆಳಗೆ ಪೋಣಿಸಿದ್ದೆ. ಮೊದಲ ಅಭ್ಯಾಸದಲ್ಲಿ ಅವರು ಒಂದೂವರೆ ಸಾಲು ಹಾಡಿ ನಿಲ್ಲಿಸಿದರು. "ಮೇಷ್ಟ್ರೇ, ನಾ ನಿಂತಿರ ನೆಲವ ನೀವು ಗಳಿಗ್ಗೊಂದ್ಸಲ ಎಳೀತಾ ಇದ್ರ ನಾ ಕತ ಹೇಳದು ಹೆಂಗ?" ಎಂದರು. ಏಕದಾರಿಯ ತಂತಿ ರಾತ್ರಿಯಿಡೀ ಆಧಾರ ಸ್ವರವಾದ ಒಂದೇ ಷಡ್ಜವನ್ನು ಹಿಡಿದಿರುತ್ತದೆ. ಪ್ರತಿ ಸ್ವರವೂ ಆ ಷಡ್ಜದಿಂದ ಎಷ್ಟು ದೂರದಲ್ಲಿದೆ ಎಂಬುದರಿಂದಲೇ ಅದರ ನೋವು, ಸಿಟ್ಟು, ಬೇಡಿಕೆ ಎಲ್ಲವೂ ಹುಟ್ಟುತ್ತವೆ. ನಾನು ಆ ಷಡ್ಜವನ್ನೇ ಅಲ್ಲಾಡಿಸಿದ್ದೆ.

ಹೊರದಾರಿ ಜಾಝ್‌ನ ಒಳಗೇ ಇತ್ತು. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1959ರಲ್ಲಿ ಮುದ್ರಿಸಿದ 'ಸೋ ವಾಟ್' ರಚನೆಯ ಮೊದಲ ಹದಿನಾರು ಬಾರ್‌ಗಳು (ತಾಳದ ಆವರ್ತಗಳು) ಡೋರಿಯನ್ ಎಂಬ ಒಂದೇ ಸ್ವರಶ್ರೇಣಿಯಲ್ಲಿ ನಿಲ್ಲುತ್ತವೆ; ನಮ್ಮ ಖರಹರಪ್ರಿಯ ರಾಗದ ಸ್ವರಗಳೂ ಅವೇ. ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್‌ರ ತಂಡದಲ್ಲಿ ಪಿಯಾನೊ ನುಡಿಸಿದ ಮೆಕಾಯ್ ಟೈನರ್ ನಾಲ್ಕು ನಾಲ್ಕು ಸ್ವರಗಳ ಅಂತರದಲ್ಲಿ ಕಾರ್ಡ್‌ಗಳನ್ನು ಕಟ್ಟುತ್ತಿದ್ದರು. ಆ ಕ್ರಮದಲ್ಲಿ ಸ-ಮ-ನಿ ಎಂದು ಜೋಡಿಸಿದರೆ ಗಾಂಧಾರವೇ (ಗ) ಇರುವುದಿಲ್ಲ, ನನಗೆ ಬೇಕಾಗಿದ್ದುದೂ ಅದೇ. ದೇವರಗುಡ್ಡರ ಗಾಂಧಾರ ಪಿಯಾನೊದ ಎರಡು ಮನೆಗಳ ನಡುವೆ ಎಲ್ಲೋ ಇತ್ತು, ಅದೂ ಸಾಲಿನಿಂದ ಸಾಲಿಗೆ ಸ್ವಲ್ಪ ಸರಿಯುತ್ತಿತ್ತು. ನಾನು ಯಾವ ಗಾಂಧಾರವನ್ನು ಒತ್ತಿದರೂ ಇಬ್ಬರಲ್ಲೊಬ್ಬರು ಅಪಶ್ರುತಿಯಾಗಿ ಕೇಳುತ್ತಿದ್ದೆವು. ಅಂಥ ಹೊತ್ತಿನಲ್ಲಿ ಪೇಟೆಯ ಕೇಳುಗರು ತಪ್ಪು ಹೊರಿಸುವುದು ಹಾಡುವವರ ಮೇಲೆಯೇ ಹೊರತು ಪಾಲಿಶ್ ಮಾಡಿದ ಪಿಯಾನೊದ ಮೇಲಲ್ಲ. ಆದ್ದರಿಂದ ಗಾಂಧಾರವನ್ನು ಪೂರ್ತಿಯಾಗಿ ಅವರಿಗೇ ಬಿಟ್ಟುಕೊಟ್ಟೆ.

ಶ್ರುತಿಯ ತೊಡಕು ಇನ್ನೂ ಸ್ಥೂಲವಾದದ್ದು. ದೇವರಗುಡ್ಡರ ಕಂಠಕ್ಕೆ ಒಗ್ಗಿದ ಷಡ್ಜ ಪಿಯಾನೊದ ಸಿ ಶಾರ್ಪ್ ಮನೆಗಿಂತ ಮೇಲೆ, ಅದರ ಪಕ್ಕದ ಡಿ ಮನೆಗಿಂತ ಕೆಳಗೆ ಇತ್ತು. ಸ್ವಲ್ಪ ಇಳಿಸಿ ಹಾಡುವಿರಾ ಎಂದು ಕೇಳುವುದು ಸುಲಭವಾಗಿತ್ತು, ಆದರೆ ನಲವತ್ತು ವರ್ಷ ಅದೇ ಎತ್ತರದಲ್ಲಿ ಕಥೆ ಹೇಳಿದ ಕಂಠವನ್ನು ನನ್ನ ವಾದ್ಯದ ಅನುಕೂಲಕ್ಕೆ ಬಗ್ಗಿಸಲು ಮನಸ್ಸಾಗಲಿಲ್ಲ. ಮರದ ಪಿಯಾನೊವನ್ನು ಬಿಟ್ಟು ಎಲೆಕ್ಟ್ರಿಕ್ ಕೀಬೋರ್ಡ್ ತಂದು, ಅದರ ಶ್ರುತಿಗೆ ಆಧಾರವಾದ 'ಎ' ಸ್ವರವನ್ನು 440 ಹರ್ಟ್ಜ್‌ನಿಂದ 447ರ ಸುಮಾರಿಗೆ ಏರಿಸಿದೆ. ಬಾಸ್‌ನವರು ತಂತಿ ಬಿಗಿದುಕೊಂಡರು. ಸ್ಯಾಕ್ಸೊಫೋನ್‌ನವರು ಮಾತ್ರ ಮೌತ್‌ಪೀಸನ್ನು ಒಳಗೆ ತಳ್ಳಿ ತಳ್ಳಿ, ಹಾಗೆ ತಳ್ಳಿದಾಗ ಮಂದ್ರವೂ ತಾರವೂ ಒಂದಕ್ಕೊಂದು ಹೊಂದುವುದಿಲ್ಲವೆಂದು ವಾರಗಟ್ಟಲೆ ಗೊಣಗಿದರು. ಅವರ ಗೊಣಗಾಟ ನ್ಯಾಯವಾದುದೇ.

ಲಯದಲ್ಲಿ ಆರಂಭ ಸಲೀಸಾಗಿತ್ತು, ಏಕೆಂದರೆ ಜಾಝ್‌ನ ಸ್ವಿಂಗ್ ಒಂದು ಮಾತ್ರೆಯನ್ನು ಮೂರಾಗಿ ಒಡೆದುಕೊಂಡು ನಡೆಯುತ್ತದೆ, ನಾವು ಆರಿಸಿದ ಭಾಗದ ದಮ್ಮಡಿಯೂ ತಿಶ್ರದಲ್ಲೇ ಇತ್ತು. ಕಷ್ಟವಾದದ್ದು ಲೋಹದ ನಾದ. ಎಡಗೈಯ ಬಟ್ಟಲಿಗೆ ಬಲಗೈಯ ಗೊಂಡೆಯ ತಾಳವನ್ನು ಬೀಸಿ ಹೊಡೆಯುವ ಕಂಸಾಳೆಯ ಸದ್ದೂ ಡ್ರಮ್ಸ್‌ನ ರೈಡ್ ಸಿಂಬಲ್ ಎಂಬ ದೊಡ್ಡ ಲೋಹದ ತಟ್ಟೆಯ ಸದ್ದೂ ಒಂದೇ ಎತ್ತರದಲ್ಲಿ ಕೇಳುತ್ತವೆ. ಎರಡೂ ಒಟ್ಟಿಗೆ ಮೊಳಗಿದಾಗ ಕಂಸಾಳೆಯ ಸೂಕ್ಷ್ಮವಾದ ಪೆಟ್ಟುಗಳು ಮಂಜಿನಲ್ಲಿ ಕರಗಿದಂತೆ ಕಾಣೆಯಾದವು. ಜಾಝ್ ಡ್ರಮ್ಮರ್‌ಗೆ ಸಿಂಬಲ್ ಬಿಡಿ ಎನ್ನುವುದು ಅಡಿಗೆಯವರಿಗೆ ಉಪ್ಪು ಬಿಡಿ ಎಂದ ಹಾಗೆ, ಆದರೂ ಅವರು ಒಪ್ಪಿ, ಸಿಂಬಲ್‌ಗಳನ್ನು ಕಳಚಿಟ್ಟು, ಸ್ನೇರ್ ಮೇಲೆ ಬ್ರಷ್, ದೊಡ್ಡ ಟಾಮ್ ಮೇಲೆ ಬರಿಗೈ ಎಂದು ನುಡಿಸತೊಡಗಿದರು. ಬೀಸು ಕಂಸಾಳೆ (ಕಂಸಾಳೆಯನ್ನು ಬೀಸುತ್ತ ಕುಣಿಯುವ ಕುಣಿತ) ಕಾವೇರಿದಂತೆ ವೇಗ ತಾನಾಗಿ ಏರುತ್ತದೆ, ಅದನ್ನು ತಡೆಯಬಾರದು ಎಂಬುದನ್ನು ಕಲಿಯಲು ಮೆಟ್ರೊನೋಮ್ ಹಿಡಿದು ಬೆಳೆದ ನಮಗೆ ಇನ್ನಷ್ಟು ದಿನ ಬೇಕಾದವು.

ಬಾರ್‌ಗಳ ಎಣಿಕೆಯನ್ನಂತೂ ಕೈಬಿಡಲೇಬೇಕಾಯಿತು. ಬೆಂಗಳೂರಿನ ಟಿ.ಎ.ಎಸ್. ಮಣಿಯವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಮತ್ತು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಕೂಡಿ 1983ರಲ್ಲಿ 'ಜ್ಯೋತಿ' ಹೊರತಂದಾಗ, ಎರಡೂ ಕಡೆಯವರು ಎಣಿಸಿ ಒಪ್ಪಬಹುದಾದ ತಾಳವೊಂದು ನಡುವೆ ಇತ್ತು. ಇಲ್ಲಿ ಸಂಕಮ್ಮನ ಮಾತು ಉದ್ದವಾದರೆ ಸಾಲೂ ಉದ್ದವಾಗುತ್ತದೆ. ನಿನ್ನೆ ಐದು ಆವರ್ತವಿದ್ದುದು ಇಂದು ಏಳಾಗಬಹುದು. ಕೊನೆಗೆ ಬರೆದ ಹಾಳೆಗಳನ್ನು ಮಡಚಿಟ್ಟು, ಹಿಮ್ಮೇಳ ಸೊಲ್ಲು ಎತ್ತಿದಾಗ ಮಾತ್ರ ಬಾಸ್ ಷಡ್ಜದಿಂದ ಕದಲಬೇಕು ಎಂಬ ಒಂದೇ ನಿಯಮವನ್ನಿಟ್ಟುಕೊಂಡೆವು.

ಈ ದಿನಗಳಲ್ಲಿ ಎರಡು ಹಳೆಯ ಮುದ್ರಣಗಳನ್ನು ಮತ್ತೆ ಮತ್ತೆ ಕೇಳಿದೆ. ಅಮೆರಿಕದ ಜಾಝ್ ಪಿಯಾನೊ ವಾದಕ ಡೇವ್ ಬ್ರೂಬೆಕ್ 1958ರ ಪ್ರವಾಸದಲ್ಲಿ ಇಸ್ತಾಂಬುಲ್‌ನ ಬೀದಿ ವಾದಕರಿಂದ ಕೇಳಿದ, ಎರಡು-ಎರಡು-ಎರಡು-ಮೂರು ಎಂದು ಒಡೆಯುವ ಒಂಬತ್ತರ ಲಯದ ಮೇಲೆ ಕಟ್ಟಿದ 'ಬ್ಲೂ ರೊಂಡೊ ಅಲಾ ಟರ್ಕ್' ಅದ್ಭುತವಾದ ರಚನೆಯೇ. ಆದರೆ ಮನೋಧರ್ಮದ ವಾದನ (ಆ ಹೊತ್ತಿಗೆ ಹೊಳೆದಂತೆ ನುಡಿಸುವುದು) ಬಂದೊಡನೆ ತಂಡ ನಾಲ್ಕರ ಎಣಿಕೆಯ ಬ್ಲೂಸ್‌ಗೆ ಇಳಿದುಬಿಡುತ್ತದೆ, ಅಲ್ಲಿಗೆ ಆ ಬೀದಿಯ ಲಯ ಹೆಬ್ಬಾಗಿಲಿನ ತೋರಣವಾಗಿ ಉಳಿಯುತ್ತದೆ ಎಂದು ನನಗೆ ಅನಿಸುತ್ತದೆ. ಸ್ವೀಡನ್ನಿನ ಪಿಯಾನೊ ವಾದಕ ಯಾನ್ ಯೋಹಾನ್ಸನ್ 1964ರ ತಮ್ಮ 'ಜಾಝ್ ಪೋ ಸ್ವೆನ್ಸ್ಕ'ದಲ್ಲಿ ಜೊತೆಗೆ ಬಾಸ್ ವಾದಕ ಜಾರ್ಜ್ ರೀಡೆಲ್‌ರನ್ನು ಮಾತ್ರ ಇಟ್ಟುಕೊಂಡು, ತಮ್ಮ ನಾಡಿನ ಜನಪದ ಧಾಟಿಗಳನ್ನು ಹೆಚ್ಚುಕಡಿಮೆ ಬರಿಮೈಯಲ್ಲೇ ನಿಲ್ಲಿಸಿದ್ದಾರೆ. ಅಷ್ಟು ಕಡಿಮೆ ನುಡಿಸಬಹುದೆಂಬ ಧೈರ್ಯ ನನಗೆ ಬಂದದ್ದು ಅವರಿಂದ.

ಮಾದಪ್ಪನನ್ನು ನೆನೆಯುವ ಮೊದಲ ಪದಕ್ಕೆ ನಮ್ಮ ವಾದ್ಯಗಳು ಬೇಡವೆಂದು ದೇವರಗುಡ್ಡರು ಹೇಳಿದರು, ನಾವು ಕೈಕಟ್ಟಿ ಕುಳಿತೆವು. ಸಂಭಾವನೆಯನ್ನು ತಲೆಗಿಷ್ಟೆಂದು ಸಮನಾಗಿ ಹಂಚಿಕೊಂಡೆವು. ಕರಪತ್ರದಲ್ಲಿ 'ಸಾಂಪ್ರದಾಯಿಕ' ಎಂದಷ್ಟೇ ಅಚ್ಚು ಮಾಡಲು ಹೊರಟಿದ್ದ ಸಂಘಟಕರಿಗೆ ಹೇಳಿ, ಹಾಡುವವರ ಹೆಸರನ್ನು ನನ್ನ ಹೆಸರಿಗಿಂತ ಮೇಲೆ ಹಾಕಿಸಿದೆ.

ಒಂದು ಪ್ರಶ್ನೆ ಕೊನೆಯವರೆಗೂ ಉಳಿದಿತ್ತು: ಸ್ಯಾಕ್ಸೊಫೋನ್‌ನ ಮನೋಧರ್ಮ ಎಲ್ಲಿ ಮುಗಿಯಬೇಕು? ಬಾರ್ ಎಣಿಸುವಂತಿಲ್ಲ, ಕಣ್ಸನ್ನೆ ಮಾಡಿದರೆ ಸ್ಯಾಕ್ಸೊಫೋನ್‌ನವರು ಕಣ್ಣು ಮುಚ್ಚಿರುತ್ತಾರೆ. ದೇವರಗುಡ್ಡರೇ ಪರಿಹಾರ ಹೇಳಿದರು: ಕತೆ ತಣ್ಣಗಾಗುತ್ತಿದೆ ಎನಿಸಿದ ಕೂಡಲೇ ಹಿಮ್ಮೇಳದ ಹುಡುಗ ಸೊಲ್ಲು ಎತ್ತಿಬಿಡಬೇಕು. ಮೊದಲ ಪ್ರದರ್ಶನದಲ್ಲಿ ಆ ಹುಡುಗ ಎರಡನೆಯ ಸುತ್ತು ಮುಗಿಯುವ ಮೊದಲೇ ಎತ್ತಿದ, ಸ್ಯಾಕ್ಸೊಫೋನ್ ಅರ್ಧ ಸ್ವರದಲ್ಲೇ ನಿಂತಿತು, ಸಭೆ ಅದನ್ನೇ ಅತ್ಯುತ್ತಮವಾದ ಮುಕ್ತಾಯವೆಂದು ಭಾವಿಸಿ ಚಪ್ಪಾಳೆ ತಟ್ಟಿತು.